ಗೋಡೆ ಕೊರೆದವರ ಹೊಣೆ ಯಾರದ್ದು?

ಮಾನ್ಯರೇ,

ಫೈಬರ್ ಇಂಟರ್‌ನೆಟ್ ಕೇಬಲ್ ಎಳೆಯಲು ಬಂದ ಹುಡುಗ ನಮ್ಮ ಮನೆಯ ಗೋಡೆಗೆ ಡ್ರಿಲ್ ಇಟ್ಟಾಗ ಒಳಗಿದ್ದ ನೀರಿನ ಪೈಪು ತೂತಾಯಿತು. ಹಾಲ್‌ನ ಗೋಡೆ ನೆನೆದು ಬಣ್ಣ ಉಬ್ಬಿ ಉದುರುತ್ತಿದೆ. ಕಂಪನಿಗೆ ಫೋನ್ ಮಾಡಿದರೆ ‘ಆತ ನಮ್ಮ ನೌಕರನಲ್ಲ, ಏಜೆನ್ಸಿಯವನು’ ಎನ್ನುತ್ತಾರೆ. ಏಜೆನ್ಸಿಯವರು ಫೋನೇ ಎತ್ತುವುದಿಲ್ಲ. ಹಣ ಪಡೆದದ್ದು ಕಂಪನಿ, ರಸೀದಿ ಕೊಟ್ಟದ್ದೂ ಕಂಪನಿ. ಹಾಗಿರುವಾಗ ಈ ಉತ್ತರವನ್ನು ಒಪ್ಪುವುದು ಹೇಗೆ? ಆ ಹುಡುಗನ ಕೂಲಿಯಿಂದ ಹಣ ಮುರಿದುಕೊಳ್ಳಲಿ ಎಂದು ನಾನು ಕೇಳುತ್ತಿಲ್ಲ. ಸರಿಯಾದ ತರಬೇತಿಯಿಲ್ಲದೆ, ಗೋಡೆಯೊಳಗಿನ ಪೈಪು, ವೈರು ಪತ್ತೆ ಮಾಡುವ ಸಾಧನವಿಲ್ಲದೆ ಅವನನ್ನು ಕಳುಹಿಸಿದವರು ನಷ್ಟ ಭರಿಸಲಿ.

ಇಂಥ ಹಾನಿಯಾದವರು ದುರಸ್ತಿಗೆ ಮೊದಲೇ ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ. ದೂರನ್ನು ಬರಹದಲ್ಲೇ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗೋಡೆ ಕೊರೆಯುವ ಮುನ್ನ ಹಾನಿಯ ಹೊಣೆ ತನ್ನದೆಂದು ಕಂಪನಿಯೇ ಬರೆದುಕೊಡುವ ನಿಯಮವನ್ನು ಸರ್ಕಾರ ತರಬೇಕು.

— ನೊಂದ ಗ್ರಾಹಕಿ, ಮೈಸೂರು