ರಾತ್ರಿ ಒಂದೂವರೆಗೆ ಫೋನ್ ಮಾಡಿದ ಅಕ್ಕನಿಗೆ, ಮತ್ತು ಉಳಿದೆಲ್ಲರಿಗೂ

ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸುವುದು, ಚಡಪಡಿಕೆ ತಡೆದುಕೊಳ್ಳುವುದು ಕಷ್ಟವಾಗುವ ತೊಂದರೆ ಇರುವ ಮಕ್ಕಳ ಬೇಸಿಗೆ ಶಿಬಿರ ಮುಗಿಯಿತು. ಮಗ ಮೊದಲ ದಿನದಿಂದ ಕೊನೆಯ ದಿನದವರೆಗೂ ಅಲ್ಲೇ ಇದ್ದು ಮನೆಗೆ ಬಂದಿದ್ದಾನೆ. ಇದರಲ್ಲೇನು ವಿಶೇಷ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮನ್ನು ಬಲ್ಲ ನಿಮಗೆ ಹಾಗನ್ನಿಸುವುದಿಲ್ಲ. ಹಿಂದಿನ ಬೇಸಿಗೆಗಳಲ್ಲಿ ಎಲ್ಲೆಲ್ಲಿಂದ ಫೋನ್ ಬಂತು, ಏನೇನು ಮಾತು ಕೇಳಿಕೊಂಡು ಅವನನ್ನು ವಾಪಸ್ ಕರೆತಂದೆವು ಎಂಬುದೆಲ್ಲ ನಿಮಗೆ ಗೊತ್ತು. ಡಾಕ್ಟರು, ಮಾತ್ರೆ, ಪರೀಕ್ಷೆಗಳ ಕಥೆಯೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಧನ್ಯವಾದ ಹೇಳಲೇಬೇಕಾದವರಿದ್ದಾರೆ, ಅದಕ್ಕೇ ಕೂತಿದ್ದೇನೆ.

ಇಂಥದ್ದೊಂದು ಶಿಬಿರ ಇದೆ ಎಂದು ಹೇಳಿ, ಅರ್ಜಿ ಹಾಕುವವರೆಗೂ ಬೆನ್ನು ಬಿಡದ ಗೆಳತಿ, ಮಾತ್ರೆಯ ಹೊತ್ತು ಒಂದು ದಿನವೂ ತಪ್ಪಿಸದ ನರ್ಸಮ್ಮ, ಮಾತ್ರೆ ತೆಗೆದುಕೊಂಡ ಮಕ್ಕಳಿಗೆ ಮಧ್ಯಾಹ್ನ ಹಸಿವಾಗುವುದಿಲ್ಲ ಎಂದು ತಿಳಿದು ಸಂಜೆಗೆ ಅವರ ಪಾಲು ತೆಗೆದಿಟ್ಟು ಬಡಿಸಿದ ಅಡುಗೆಯವರು, ಆಟದ ಮೇಷ್ಟ್ರು, ಮನೆಯಲ್ಲಿ ಚಿಕ್ಕವಳನ್ನು ನೋಡಿಕೊಂಡ ನಮ್ಮ ಅತ್ತೆ: ನಿಮಗೆಲ್ಲ ನಾವು ಋಣಿ.

ಶಿಬಿರದ ಮುಖ್ಯಸ್ಥರಿಗೆ ಬೇರೆಯಾಗಿ ಒಂದು ನಮಸ್ಕಾರ. ಪೋಷಕರ ಸಭೆಯಲ್ಲಿ ಅವರು ಹೇಳಿದ ಎರಡು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿವೆ. ಒಂದು, ಫಿಲಿಪ್ ಶಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮಿದುಳಿನ ಅಧ್ಯಯನ. ಮಿದುಳಿನ ಹೊರಪದರ ದಪ್ಪವಾಗಿ ತುತ್ತತುದಿ ಮುಟ್ಟುವ ವಯಸ್ಸು ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆಯಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆ. ಬೆಳೆಯುವ ಕ್ರಮ ಅದೇ, ತಡ ಅಷ್ಟೇ. ಆ ತಡ ಎಲ್ಲಕ್ಕಿಂತ ಹೆಚ್ಚು ಕಾಣುವುದು ತನ್ನನ್ನು ತಾನು ತಡೆದುಕೊಳ್ಳಲು ಬೇಕಾದ ಮುಂಭಾಗದಲ್ಲಿ. ‘ಇಷ್ಟು ದೊಡ್ಡವನಾದ, ಇನ್ನೂ ಬುದ್ಧಿ ಬಂದಿಲ್ಲ’ ಎಂಬ ಮಾತು ಕೇಳಿ ಕೇಳಿ ಬಸವಳಿದಿದ್ದ ನನಗೆ ಆ ಮೂರು ವರ್ಷದ ಲೆಕ್ಕ ಎಷ್ಟು ಸಮಾಧಾನ ಕೊಟ್ಟಿತು ಎಂದು ಹೇಳಲಾರೆ.

ಇನ್ನೊಂದು, ಇಂಥ ಶಿಬಿರಗಳು ಎಲ್ಲಿಂದ ಬಂದವು ಎಂಬುದು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಪೆಲ್ಹಮ್ 1980ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಮಕ್ಕಳಿಗೆಂದೇ ಬೇಸಿಗೆಯ ಕಾರ್ಯಕ್ರಮ ಶುರುಮಾಡಿದರು. ನಮ್ಮ ಶಿಬಿರದ ಹಗಲಿನ ಕ್ರಮವೆಲ್ಲ ಅದೇ ಜಾಡಿನದು. ಗುಂಪು ಚಿಕ್ಕದು. ಒಂದು ಸಲಕ್ಕೆ ಒಂದೇ ಮಾತು, ಅದೂ ಹತ್ತಿರ ಬಂದು, ಹೆಸರು ಹಿಡಿದು. ಆಟಕ್ಕೆ ಇಳಿಯುವ ಮೊದಲು ‘ಔಟಾದರೆ ಏನು ಮಾಡಬೇಕು?’ ಎಂದು ಮಕ್ಕಳ ಬಾಯಿಂದಲೇ ನಿಯಮ ಹೇಳಿಸುತ್ತಾರೆ. ಒಳ್ಳೆಯದು ಮಾಡಿದ ಗಳಿಗೆಯಲ್ಲೇ ಪಾಯಿಂಟ್. ವಾರದ ಕೊನೆಗೆ ಸಿಗುವ ಬಹುಮಾನ ಈ ಮಕ್ಕಳಿಗೆ ಬಹಳ ದೂರವಾಗುತ್ತದೆ. ಸಂಜೆ ಕೈಗೆ ಒಂದು ಕಾರ್ಡು: ಆ ದಿನದ ಮೂರು ನಾಲ್ಕು ಗುರಿ, ಆದದ್ದಕ್ಕೆ ಟಿಕ್. ಆದರೆ ಪೆಲ್ಹಮ್ ಅವರ ಕಾರ್ಯಕ್ರಮದಲ್ಲಿ ಮಕ್ಕಳು ಸಂಜೆ ಮನೆಗೆ ಹೋಗಿಬಿಡುತ್ತಾರೆ. ನಮ್ಮದು ಅಲ್ಲೇ ಉಳಿಯುವ ಶಿಬಿರ. ಹಗಲಿಗೆ ಕ್ರಮವಿತ್ತು. ರಾತ್ರಿಗೆ ಇದ್ದವರು ಅಕ್ಕ.

ವಯಸ್ಸಿನಲ್ಲಿ ಅವರು ನನಗಿಂತ ತುಂಬಾ ಚಿಕ್ಕವರು. ಮಕ್ಕಳೆಲ್ಲ ಕರೆಯುವಂತೆ ನಾನೂ ಅಕ್ಕ ಎಂದೇ ಬರೆಯುತ್ತೇನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

ಆ ರಾತ್ರಿ ಒಂದೂವರೆಗೆ ಫೋನ್ ಬಂತು. ಶಿಬಿರದ ನಂಬರ್ ಕಂಡದ್ದೇ ನಮ್ಮವರು ಎದ್ದು ಕಾರಿನ ಕೀ ಹುಡುಕತೊಡಗಿದರು. ಒಂದು ಮಾತೂ ಆಡಲಿಲ್ಲ, ಸೀದಾ ಕೀ. ‘ಬಂದು ಕರ್ಕೊಂಡು ಹೋಗಿ’ ಎಂಬ ಮಾತಿಗೆ ಸಿದ್ಧಳಾಗಿಯೇ ನಾನು ಫೋನ್ ಎತ್ತಿದೆ. ಆ ಕಡೆಯಿಂದ ತಗ್ಗಿದ ದನಿ: “ಮೇಡಂ, ಗಾಬರಿ ಬೇಡ, ಯಾರಿಗೂ ಪೆಟ್ಟಾಗಿಲ್ಲ. ಇವನು ಇನ್ನೂ ಮಲಗಿಲ್ಲ, ಮನಸ್ಸು ತುಂಬಾ ಕೆಟ್ಟುಹೋಗಿದೆ. ಮನೇಲಿ ಹೀಗಾದಾಗ ನೀವು ಏನು ಮಾಡ್ತೀರಿ, ಕೇಳೋಣ ಅಂತ ಮಾಡಿದೆ.”

ಏನು ಮಾಡ್ತೀರಿ ಅಂತ. ಅವನು ಏನು ಮಾಡಿದ ಅಂತಲ್ಲ.

ಆದದ್ದು ಇಷ್ಟು. ಹೊಸ ಜಾಗ, ಹಗಲಿನ ಮಾತ್ರೆಯ ಪ್ರಭಾವ ಇಳಿದ ಹೊತ್ತು, ಪಕ್ಕದ ಹಾಸಿಗೆಯ ಹುಡುಗನ ಜೊತೆ ಟಾರ್ಚಿಗಾಗಿ ಜಗಳ. ಇವನು ಅವನನ್ನು ದೂಡಿ, ಹೊರಗೆ ಓಡಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತುಬಿಟ್ಟಿದ್ದ. ಕರೆದರೆ ಬರಲಿಲ್ಲ. ಅಕ್ಕ ಎಳೆಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ, ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತರು. ರಾತ್ರಿ ಪಾಳಿಯವರು ಬರೆದಿಡುವ ಪುಸ್ತಕವನ್ನು ಆಮೇಲೆ ನನಗೆ ತೋರಿಸಿದರು. ಅದರಲ್ಲಿ ಅವರ ಕೈಬರಹ: ‘12:50. ಮಾತು ಬೇಡ ಅಂದ. ನಾನೂ ಸುಮ್ಮನಿದ್ದೇನೆ.’ ‘1:15. ಅಳು ನಿಂತಿದೆ. ಗೋಡೆ ಕೆರೆಯುತ್ತಿದ್ದಾನೆ.’

ಅವನ ಕೈಗೆ ಬಿಚ್ಚಿ ಜೋಡಿಸುವಂಥದ್ದು ಏನಾದರೂ ಕೊಟ್ಟರೆ ಸಮಾಧಾನವಾಗುತ್ತಾನೆ, ಬಾಲ್‌ಪೆನ್ನು ಆದರೂ ಸಾಕು ಎಂದೆ. ಅವರು ಬರೆಯುತ್ತಿದ್ದ ಪೆನ್ನನ್ನೇ ಅವನತ್ತ ಉರುಳಿಸಿದರಂತೆ. ಅವನು ಬಿಚ್ಚಿದ. ಸ್ಪ್ರಿಂಗ್ ಎಗರಿ ಎಲ್ಲೋ ಬಿತ್ತು. ಆ ಹೊತ್ತಿನಲ್ಲಿ ಇಬ್ಬರೂ ಮೊಣಕಾಲೂರಿ, ಟಾರ್ಚ್ ಹಿಡಿದು ಸ್ಪ್ರಿಂಗ್ ಹುಡುಕಿದರು. ಹುಡುಕುವಾಗ ಅವನೇ ಬಾಯಿಬಿಟ್ಟ: “ಬೆಳಗ್ಗೆ ನನ್ನನ್ನ ಮನೆಗೆ ಕಳಿಸಿಬಿಡ್ತೀರಾ?”

ಅಕ್ಕ ಹೇಳಿದರಂತೆ: “ಬೆಳಗ್ಗೆ ಆಟದ ಸಾಮಾನು ತರೋ ಪಾಳಿ ನಿಂದಲ್ವಾ? ನೀನು ಹೋದ್ರೆ ಯಾರು ತರ್ತಾರೆ?”

ಈ ಮಾತನ್ನು ಅವರು ನನಗೆ ಹೇಳಿದ್ದು ಮರುದಿನ ಬೆಳಗ್ಗೆ. ಫೋನ್ ಇಟ್ಟ ಮೇಲೆ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ನನ್ನ ಮಗ ಇಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂದು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅವನಿಲ್ಲದಿದ್ದರೆ ಎಲ್ಲ ಸರಾಗವಾಗಿ ನಡೆಯುತ್ತದೆ ಎಂದು ಹೇಳಿದವರು ಎಷ್ಟೋ ಜನ. ಬಾಯಿಬಿಟ್ಟು ಹೇಳದವರೂ ಅವನಿಗೆ ಅದು ಅರ್ಥವಾಗುವ ಹಾಗೆ ನಡೆದುಕೊಂಡಿದ್ದಾರೆ. ಮಕ್ಕಳಿಗೆ ತಿಳಿಯುತ್ತದೆ ರೀ. ಮೈಯೆಲ್ಲ ಚಡಪಡಿಸುವ ಮಗುವಿಗೂ ತಿಳಿಯುತ್ತದೆ.

ಅಕ್ಕನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮುದ್ದು ಮಾಡಿ ನಿಯಮ ಸಡಿಲಿಸಿದವರಲ್ಲ ಅವರು. ಬೆಳಗ್ಗೆ ಎದ್ದಾಗ ದೂಡಿದ್ದಕ್ಕೆ ಅವನ ಪಾಯಿಂಟ್ ಕಳೆದೇ ಇತ್ತು, ಆ ಹುಡುಗನ ಹತ್ತಿರ ಹೋಗಿ ಮಾತಾಡಿ ಬರುವ ಕೆಲಸವೂ ಇತ್ತು. ಅದು ಮುಗಿದ ಮೇಲೆ ಅಲ್ಲಿಗೆ ಮುಗಿಯಿತು. ಮತ್ತೆ ಯಾರೂ ಅದನ್ನು ಎತ್ತಿ ಆಡಲಿಲ್ಲ. ಆಟದ ಸಾಮಾನನ್ನು ಅವನೇ ತಂದ. ನನ್ನ ಮಗನಿಗೆ ಬೇಕಾಗಿದ್ದದ್ದು ಇದೇ: ತಪ್ಪಿಗೆ ತಕ್ಕಷ್ಟೇ ಬೆಲೆ, ಅದೂ ಆಗಲೇ, ಆಮೇಲೆ ಮತ್ತೆ ಗುಂಪಿನಲ್ಲಿ ಅವನ ಜಾಗ. ಅಕ್ಕನಿಗೆ ಇದನ್ನು ಯಾರು ಕಲಿಸಿದರೋ ಅವರಿಗೂ ನನ್ನ ನಮಸ್ಕಾರ. ತರಬೇತಿಯಲ್ಲಿ ಒಂದಿಷ್ಟು ಕಲಿತಿರಬಹುದು. ಆ ನಡುರಾತ್ರಿಯ ತಾಳ್ಮೆ ಮಾತ್ರ ಅವರ ಸ್ವಂತದ್ದು.

ಹಾಗಾದರೆ ಈಗ ವಾಸಿಯಾಯಿತಾ, ಮಾತ್ರೆ ನಿಲ್ಲಿಸಬಹುದಾ ಎಂದು ಇಬ್ಬರು ಮೂವರು ಕೇಳಿದ್ದೀರಿ. ಪ್ರೀತಿಯಿಂದಲೇ ಕೇಳಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಶಿಬಿರ ಇರುವುದು ವಾಸಿ ಮಾಡುವುದಕ್ಕಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ವರ್ತನೆಯ ತರಬೇತಿ ಪಡೆದ ಮಕ್ಕಳಿಗೆ ಎಂಟು ವಾರಗಳ ಬೇಸಿಗೆ ಕಾರ್ಯಕ್ರಮವೂ ಇತ್ತು. ಆದರೂ ಮುಖ್ಯ ಲಕ್ಷಣಗಳನ್ನು ತಗ್ಗಿಸುವುದರಲ್ಲಿ, ಎಚ್ಚರಿಕೆಯಿಂದ ನೋಡಿಕೊಂಡು ಕೊಟ್ಟ ಔಷಧಿಯೇ ಮುಂದಿತ್ತು. ಮಾತ್ರೆಯ ವಿಚಾರ ಡಾಕ್ಟರಿಗೂ ನಮಗೂ ಬಿಟ್ಟದ್ದು. ಶಿಬಿರದಲ್ಲಿ ಕಲಿತದ್ದು ಕೂಡ ಮನೆಯಲ್ಲಿ, ಶಾಲೆಯಲ್ಲಿ ಮುಂದುವರಿಸದಿದ್ದರೆ ನಿಲ್ಲುವುದಿಲ್ಲ ಎಂದು ಅವರೇ ಎಚ್ಚರಿಸಿ, ಕಾರ್ಡಿನ ಪದ್ಧತಿಯನ್ನು ನಮಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ. ಹೊಸ ಕ್ಲಾಸಿನ ಟೀಚರ್ ಒಪ್ಪಿದ್ದಾರೆ. ಅವರಿಗೂ ಮುಂಗಡವಾಗಿಯೇ ಧನ್ಯವಾದ.

ನಿಮ್ಮ ಮಗುವಿಗೆ ಇಂಥ ಶಿಬಿರ ಹುಡುಕುತ್ತಿದ್ದರೆ, ಏನೇನು ಚಟುವಟಿಕೆ ಇದೆ ಎಂದು ಕೇಳುವ ಮೊದಲು, ಮಗು ರಾತ್ರಿ ಮಲಗದೆ ರಂಪ ಮಾಡಿದರೆ ಯಾರು ಜೊತೆಗಿರುತ್ತಾರೆ, ಏನು ಮಾಡುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಬೇಕಾದವರು ನನಗೆ ಬರೆಯಿರಿ. ನಾವು ಅರ್ಜಿಯ ಜೊತೆ ಮಗನ ಬಗ್ಗೆ ಬರೆದುಕೊಟ್ಟ ಎರಡು ಪುಟದ ಟಿಪ್ಪಣಿಯನ್ನು ಕಳಿಸುತ್ತೇನೆ, ನಿಮ್ಮ ಮಗುವಿಗೆ ಹೊಂದುವಂತೆ ಬದಲಾಯಿಸಿಕೊಳ್ಳಬಹುದು.

ಕೊನೆಯದಾಗಿ, ಪಕ್ಕದ ಹಾಸಿಗೆಯ ಆ ಹುಡುಗನ ಅಪ್ಪ ಅಮ್ಮನಿಗೆ. ವಿಷಯ ಗೊತ್ತಾದ ಮೇಲೂ ನೀವು ನಿಮ್ಮ ಮಗನ ಹಾಸಿಗೆ ಬದಲಾಯಿಸಲು ಹೇಳಲಿಲ್ಲ. ಸಮಾರೋಪದ ದಿನ ಜನರ ನಡುವೆ ನಿಮ್ಮನ್ನು ಸರಿಯಾಗಿ ಮಾತಾಡಿಸಲು ಆಗಲಿಲ್ಲ. ಈ ಭಾನುವಾರ ಇಬ್ಬರೂ ಹುಡುಗರು ಭೇಟಿಯಾಗಬೇಕು ಎಂದು ಫೋನಿನಲ್ಲಿ ಅವರೇ ಮಾತಾಡಿಕೊಂಡಿದ್ದಾರೆ. ಬನ್ನಿ, ನಾವು ಮನೆಯಲ್ಲೇ ಇರುತ್ತೇವೆ.