ಜಗಲಿಯಲ್ಲಿ ಒಂದೇ ಸೈಕಲ್ಲಿಗೆ ಜಾಗ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಸೈಕಲ್ ಲೇಖನ ಓದಿದೆ. ಡಾಂಬರಿಗೆ ಒಂದು, ಮಣ್ಣುದಾರಿಗೆ ಒಂದು, ಗುಡ್ಡಕ್ಕೆ ಮತ್ತೊಂದು, ಹೀಗೆ ಕಡಿಮೆ ಅಂದರೂ ಮೂರು ಸೈಕಲ್ ಇಟ್ಟುಕೊಳ್ಳಿ ಎಂದು ಲೇಖಕರು ಹೇಳಿದ್ದರು. ಓದಿ ಮುಗಿಸಿ ನಮ್ಮ ಮನೆ ಜಗಲಿ ಕಡೆ ನೋಡಿದೆ. ಅಡಿಕೆ ಮೂಟೆ, ಔಷಧಿ ಹೊಡೆಯುವ ಪಂಪು, ಒಣಗಲು ಹಾಕಿದ ಕಂಬಳಿ. ಅದರ ಮಧ್ಯೆ ಒಂದು ಸೈಕಲ್ಲಿಗೆ ಜಾಗ ಮಾಡಿಕೊಳ್ಳಲು ನಾನು ಅತ್ತೆಯ ಜೊತೆ ಒಂದು ವಾರ ವಾದ ಮಾಡಿದ್ದೆ. ಮೂರಂತೆ!

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಯಸ್ಸು 43. ಎತ್ತರ ಐದಡಿ ಎರಡಿಂಚು, ತೂಕ 54 ಕೆಜಿ. ತೂಕ ಯಾಕೆ ಹೇಳಿದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರ್. ಮೊದಲು ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ. ಅಲ್ಲಿ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೇ ದಾಟಬೇಕು. ಆಮೇಲೆ ಎರಡು ಕಿಲೋಮೀಟರ್ ಜಂಬಿಟ್ಟಿಗೆ ಮಣ್ಣಿನ ದಾರಿ, ಅದರಲ್ಲೊಂದು ಉಸಿರು ಕಟ್ಟಿಸುವ ಚಡಾವು. ಉಳಿದದ್ದು ಡಾಂಬರು, ಅಂದರೆ ಒಂದು ಕಾಲದಲ್ಲಿ ಡಾಂಬರು ಇದ್ದ ದಾರಿ. ಶನಿವಾರ ಸೊಸೈಟಿಯಿಂದ ಸಾಮಾನು ತರಬೇಕು. ರಜೆ ಸಿಕ್ಕರೆ ಕುಂದಾದ್ರಿ ಬೆಟ್ಟ, ಇಲ್ಲಾ ಕವಲೇದುರ್ಗದ ಕಡೆ. ವರ್ಷಕ್ಕೆ ಎರಡು ಸಲ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗದ ತವರಿಗೆ. ಅದು ಅರವತ್ತು ಕಿಲೋಮೀಟರಿಗೂ ಜಾಸ್ತಿ. ಇಷ್ಟೆಲ್ಲದಕ್ಕೂ 2022ರಿಂದ ನನ್ನ ಹತ್ತಿರ ಇರುವುದು ಒಂದೇ ಮೌಂಟನ್ ಬೈಕು, ಅಂದರೆ ಗುಡ್ಡದ ದಾರಿಗೆ ಮಾಡಿದ ಸೈಕಲ್ಲು. ಕೊಟ್ಟಿದ್ದು 58 ಸಾವಿರ. 'ಅಷ್ಟು ದುಡ್ಡಿಗೆ ಹಳೇದೊಂದು ಸ್ಕೂಟಿ ಬರ್ತಿತ್ತು' ಅಂತ ಅತ್ತೆ ಈಗಲೂ ಹೇಳುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ.

ಅದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ. ನನ್ನ ತಮ್ಮ 'ಅಕ್ಕಾ, ನಿಮ್ಮೂರ ಗುಂಡಿಗೆ ಎರಡೂ ಕಡೆ ಶಾಕ್ ಇರೋದೇ ಸರಿ' ಎಂದು ಹನ್ನೆರಡು ಸಾವಿರಕ್ಕೆ ಒಂದು ಕೊಡಿಸಿದ್ದ. ನೋಡಲು ಮೋಟಾರ್ ಸೈಕಲ್ಲಿನ ಹಾಗೇ ಇತ್ತು. ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ 19 ಕೆಜಿ. ಚಡಾವಿನಲ್ಲಿ ಪೆಡಲ್ ತುಳಿದಷ್ಟೂ ಹಿಂದಿನ ಸ್ಪ್ರಿಂಗು ಉಯ್ಯಾಲೆ ಆಡುತ್ತಿತ್ತು. ಕಾಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವ ಬದಲು ಸ್ಪ್ರಿಂಗಿಗೆ ಹೋಗುತ್ತಿತ್ತು. ಒಂದು ಮಳೆಗಾಲ ಕಳೆಯುವುದರಲ್ಲಿ ಹಿಂದಿನ ಕೀಲುಗಳು ತುಕ್ಕು ಹಿಡಿದು ಕಿರ್ ಅನ್ನತೊಡಗಿದವು. ನಾನು ಬರುವುದು ಅರ್ಧ ಮೈಲಿ ಮೊದಲೇ ಮಕ್ಕಳಿಗೆ ಗೊತ್ತಾಗುತ್ತಿತ್ತು. ಒಳ್ಳೆಯ ಡಬಲ್ ಸಸ್ಪೆನ್ಶನ್, ಅಂದರೆ ಎರಡೂ ಕಡೆ ಶಾಕ್ ಇರುವ ಸೈಕಲ್ಲು ಬೇರೆಯೇ. ಆದರೆ ಅದು ಲಕ್ಷದ ಮಾತು. ಅದರ ಕೀಲುಗಳಿಗೂ ನಮ್ಮ ಮಳೆ ಮಳೆಯೇ. ಆದ್ದರಿಂದ ನನ್ನ ಮಟ್ಟಿಗೆ ಮುಂದೆ ಮಾತ್ರ ಶಾಕ್ ಇರುವ, ಹಿಂದೆ ಗಟ್ಟಿ ಫ್ರೇಮಿನ ಹಾರ್ಡ್‌ಟೇಲ್ ಸಾಕು. ಹಿಂದಿನ ಶಾಕ್ ಅಂದರೆ ನಮ್ಮ ಮೊಣಕಾಲೇ. ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಎದ್ದರೆ ಆಯಿತು.

ಕಂಪನಿಗಳು ಸೈಕಲ್ಲುಗಳಿಗೆ ಕ್ರಾಸ್ ಕಂಟ್ರಿ, ಟ್ರೇಲ್, ಎಂಡ್ಯೂರೊ, ಡೌನ್‌ಹಿಲ್ ಅಂತೆಲ್ಲ ಹೆಸರಿಟ್ಟಿವೆ. ಮುಖ್ಯವಾದ ಒಂದು ವ್ಯತ್ಯಾಸ, ಶಾಕ್ ಎಷ್ಟು ಕುಸಿಯುತ್ತದೆ ಅನ್ನುವುದು. ಹತ್ತಿ ಇಳಿಯುವ ಕ್ರಾಸ್ ಕಂಟ್ರಿಗೆ 100ರಿಂದ 120 ಮಿಲಿಮೀಟರ್, ಬರೀ ಇಳಿಯುವ ಡೌನ್‌ಹಿಲ್ಲಿಗೆ ಸುಮಾರು 200. ಜಾಸ್ತಿ ಇದ್ದಷ್ಟೂ ಇಳಿಯಲು ಸುಖ, ಹತ್ತಲು ಕಷ್ಟ. ಮಲೆನಾಡಿನಲ್ಲಿ ಇಳಿದವರೆಲ್ಲ ಹತ್ತಲೇಬೇಕಲ್ವಾ? ನನ್ನದು 120. ಅದರಲ್ಲೂ ಕಬ್ಬಿಣದ ಸ್ಪ್ರಿಂಗಿನದಲ್ಲ, ಗಾಳಿ ತುಂಬುವ ಫೋರ್ಕು, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು; ಶಾಕ್ ಇರುವುದು ಅದರಲ್ಲೇ. ಇಲ್ಲೇ ನನ್ನ ತೂಕದ ಮಾತು ಬರುವುದು. ಅಗ್ಗದ ಸ್ಪ್ರಿಂಗ್ ಫೋರ್ಕುಗಳನ್ನು ಎಪ್ಪತ್ತು ಎಂಬತ್ತು ಕೆಜಿ ಗಂಡಸರಿಗೆ ಲೆಕ್ಕ ಹಾಕಿ ಮಾಡಿರುತ್ತಾರೋ ಏನೋ, ನಾನು ಕೂತರೆ ಅವು ಅಲ್ಲಾಡುವುದೇ ಇಲ್ಲ. ಗಾಳಿಯದಾದರೆ ನಮ್ಮ ತೂಕಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಬಹುದು. ಫೋರ್ಕಿನ ಕಾಲಿಗೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿ, ಮೆಲ್ಲಗೆ ಕೂತು, ಮೆಲ್ಲಗೆ ಇಳಿದು ನೋಡಿ. 120ರಲ್ಲಿ ಬ್ಯಾಂಡ್ 24ರಿಂದ 30 ಮಿಲಿಮೀಟರ್ ಜಾರಿದ್ದರೆ ಗಾಳಿ ಸರಿ ಇದೆ.

ಅಂಗಡಿಯಲ್ಲಿ ಆದದ್ದನ್ನೂ ಹೇಳಿಬಿಡುತ್ತೇನೆ. ಊರು ಬೇಡ, ಹೆಸರೂ ಬೇಡ. ಒಳಗೆ ಕಾಲಿಟ್ಟ ಕೂಡಲೇ 'ಮೇಡಂ, ಲೇಡೀಸ್ ಮಾಡೆಲ್ ಆ ಕಡೆ' ಎಂದರು. ಆ ಕಡೆ ಮುಂದೆ ಬುಟ್ಟಿ ಇರುವ ಗುಲಾಬಿ ಬಣ್ಣದ ಸೈಕಲ್ಲು ಇತ್ತು. ಅದು ಬೇಡ ಅಂದ ಮೇಲೆ 29 ಇಂಚಿನ ಚಕ್ರದ, ಮಧ್ಯಮ ಅಳತೆಯದನ್ನು ತಂದು ನಿಲ್ಲಿಸಿದರು. ಈಗ ಎಲ್ಲರೂ ಇದನ್ನೇ ತಗೊಳ್ಳೋದು ಅಂದರು. ದೊಡ್ಡ ಚಕ್ರ ಬೇರು, ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ನಿಜ. ಆದರೆ ನಾನು ಕಾಲು ಊರಿ ನಿಂತರೆ ಫ್ರೇಮಿನ ಮೇಲಿನ ಅಡ್ಡ ಕೊಳವೆ ಮೈಗೆ ತಾಗುತ್ತಿತ್ತು. ಜಾರುವ ಮಣ್ಣಿನಲ್ಲಿ ದಿಢೀರ್ ಕಾಲು ಕೊಡಬೇಕಾದಾಗ ಎರಡು ಇಂಚಾದರೂ ಸಂದು ಇರಬೇಕು. ಹಲವು ಕಂಪನಿಗಳು ಸಣ್ಣ ಫ್ರೇಮಿಗೆ 27.5 ಇಂಚಿನ ಚಕ್ರವನ್ನೇ ಹಾಕುತ್ತವೆ. ನಾನು ಅದನ್ನೇ ತರಿಸಿಕೊಂಡೆ. ಬರಲು ಹತ್ತೊಂಬತ್ತು ದಿನ ಆಯಿತು, ಆದರೂ ಪರವಾಗಿಲ್ಲ. ಚಕ್ರದ ವಾದದಲ್ಲಿ ಯಾರು ಗೆದ್ದರೂ ಸೈಕಲ್ಲು ನಮ್ಮ ಮೈಗೆ ಆಗಬೇಕು.

ಇನ್ನು ಬ್ರೇಕು. ಇದರ ಬಗ್ಗೆ ಆ ಲೇಖನದಲ್ಲಿ ಎರಡೇ ಸಾಲು ಇತ್ತು. ಬಯಲುಸೀಮೆಯವರಿಗೆ ಅಷ್ಟು ಸಾಕೇನೋ.

ಒಂಬತ್ತನೇ ತರಗತಿಗೆ ಕೆಲಸ ಮತ್ತು ಶಕ್ತಿ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ನಾನು 54, ಸೈಕಲ್ಲು 14, ಚೀಲ 4, ಒಟ್ಟು 72 ಕೆಜಿ. ನೂರು ಮೀಟರ್ ಎತ್ತರದಿಂದ ನಿಧಾನವಾಗಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಸುಮಾರು 70 ಸಾವಿರ ಜೂಲ್ ಶಕ್ತಿ. ಅದರಲ್ಲಿ ಹೆಚ್ಚುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. 200 ಮಿಲಿಲೀಟರ್ ನೀರು ಕುದಿಯಲು ಅಷ್ಟು ಸಾಕು. ಅಂದರೆ ಪ್ರತಿ ನೂರು ಮೀಟರ್ ಇಳಿದಾಗ ಒಂದು ಲೋಟ ಚಹಾದ ನೀರು. ಆಗುಂಬೆ ಘಾಟಿಯ 14 ತಿರುವು ಇಳಿದರೆ ಎಷ್ಟು ಲೋಟ ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ.

ಮೌಂಟನ್ ಬೈಕು ಹುಟ್ಟಿದ್ದೇ ಇಂಥ ಇಳಿಜಾರಿನಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೆ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಅವುಗಳ ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್ ಒಳಗಿತ್ತು. ಒಂದು ಸಲ ಕೆಳಗಿಳಿಯುವುದರಲ್ಲಿ ಒಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬು, ಅಂತ ಹೆಸರು ಬಿತ್ತು. 1976ರಲ್ಲಿ ಅಲ್ಲಿ ಮೊದಲ ರೇಸು ನಡೆಯಿತು. ನಮ್ಮ ಕುಂದಾದ್ರಿ ನೋಡಿದ್ದರೆ ಅವರು ಇನ್ನಷ್ಟು ಗ್ರೀಸು ತರಿಸುತ್ತಿದ್ದರು.

ರಿಮ್ಮಿಗೆ ರಬ್ಬರ್ ಒತ್ತುವ ಬ್ರೇಕು ಮಳೆಗಾಲದಲ್ಲಿ ಆಗುವುದಿಲ್ಲ. ಹಿಡಿದ ಕೂಡಲೇ ನಿಲ್ಲುವುದಿಲ್ಲ, ಮಣ್ಣು ಸೇರಿ ರಿಮ್ಮನ್ನೇ ತೇಯುತ್ತದೆ. ಡಿಸ್ಕ್ ಬ್ರೇಕು ಹಿಡಿಯುವುದು ರಿಮ್ಮನ್ನಲ್ಲ, ಚಕ್ರದ ಮಧ್ಯದ ತಟ್ಟೆಯನ್ನು. ಅದರಲ್ಲಿ ಕೇಬಲ್ಲಿನದು ಪರವಾಗಿಲ್ಲ, ಆದರೆ ಕೇಬಲ್ಲಿಗೆ ಕೆಸರು ನುಗ್ಗಿ ಬಿಗಿಯಾಗುತ್ತದೆ, ಬೆರಳು ನೋಯುತ್ತದೆ. ಎಣ್ಣೆಯ ಡಿಸ್ಕ್, ಅಂದರೆ ಹೈಡ್ರಾಲಿಕ್, ಒಂದೇ ಬೆರಳಿಗೆ ನಿಲ್ಲುತ್ತದೆ. ಒತ್ತಡ ಎಣ್ಣೆಯಲ್ಲಿ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಅನ್ನುವ ಪ್ಯಾಸ್ಕಲ್ ನಿಯಮ ಜೆಸಿಬಿಗೂ ಇದಕ್ಕೂ ಒಂದೇ. ರಿಪೇರಿ ಮಾತ್ರ ತಲೆನೋವು. ನಮ್ಮ ಪೇಟೆಯಲ್ಲಿ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆದು ಎಣ್ಣೆ ತುಂಬುವವರು ಇಲ್ಲ. ನಾನೇ ಸಿರಿಂಜ್ ತಂದು ಕಲಿತೆ, ಮೊದಲ ಸಲ ಜಗಲಿ ತುಂಬಾ ಎಣ್ಣೆ. ಕೆಲವು ಬ್ರೇಕಿಗೆ ಮಿನರಲ್ ಎಣ್ಣೆ, ಕೆಲವಕ್ಕೆ ಡಾಟ್ ಎಣ್ಣೆ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳು. ಡಿಸ್ಕಿಗೆ ಒತ್ತುವ ಪ್ಯಾಡಿನ ವಿಷಯವೂ ಇದೆ. ನನ್ನದರಲ್ಲಿ ಮೊದಲಿಗೆ ಬಂದದ್ದು ಮೆತ್ತಗಿನ ರೆಸಿನ್ ಪ್ಯಾಡು. ಆರಿದ್ರಾ ಮಳೆಗೆ ಹೊಸದು ಹಾಕಿದರೆ ಆಶ್ಲೇಷಾ ಮಳೆ ಬರುವಷ್ಟರಲ್ಲಿ ತಗಡು ಕಾಣುತ್ತಿತ್ತು. ಲೋಹದ ಪ್ಯಾಡು ಮಳೆ ಕೆಸರಿಗೆ ಜಾಸ್ತಿ ಬಾಳುತ್ತದೆ, ಸ್ವಲ್ಪ ಕಿರುಚುತ್ತದೆ ಅಷ್ಟೇ. ಆದರೆ ಅಗ್ಗದ ಕೆಲವು ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಸಣ್ಣಕ್ಷರದಲ್ಲಿ ಕೆತ್ತಿರುತ್ತಾರೆ. ಕೊಳ್ಳುವಾಗ ಕನ್ನಡಕ ಹಾಕಿಕೊಂಡು ಅದನ್ನು ಓದಿ.

ಗೇರು ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. 21 ಇದೆ, 24 ಇದೆ ಅಂತ ಅಂಗಡಿಯವರೂ ಎಣಿಸುತ್ತಾರೆ. ಕೇಳಬೇಕಾದ್ದು ಅದಲ್ಲ, ಅತಿ ಹಗುರದ ಗೇರು ಯಾವುದು ಅಂತ. ನನ್ನದರಲ್ಲಿ ಮುಂದೆ ಒಂದೇ ಹಲ್ಲುಚಕ್ರ, 30 ಹಲ್ಲು. ಹಿಂದಿನ ದೊಡ್ಡದಕ್ಕೆ 46. ಅದರಲ್ಲಿ ಪೆಡಲ್ ಒಂದು ಸುತ್ತು ತಿರುಗಿಸಿದರೆ ಸೈಕಲ್ಲು ಒಂದೂವರೆ ಮೀಟರ್ ಕೂಡ ಮುಂದೆ ಹೋಗುವುದಿಲ್ಲ. ನಡೆಯುವವರ ವೇಗ, ನಿಜ. ಆದರೆ ಇಳಿಯದೆ ಚಡಾವು ಹತ್ತುತ್ತೇನೆ. ನಮ್ಮ ಅಜ್ಜನ ಕರಿ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18. ಒಂದು ಸುತ್ತಿಗೆ ಐದು ಮೀಟರಿಗೂ ಜಾಸ್ತಿ. ಅದಕ್ಕೇ ಅಜ್ಜ ಚಡಾವು ಬಂದರೆ ಇಳಿದು, ಎಲೆಅಡಿಕೆ ಹಾಕಿಕೊಂಡು, ತಳ್ಳುತ್ತಿದ್ದರು. ಮುಂದೆ ಒಂದೇ ಚಕ್ರ ಇರುವುದರಿಂದ ಇನ್ನೊಂದು ಲಾಭ: ಚೈನು ಬೀಳುವುದು ಕಡಿಮೆ. ಚೂಡಿದಾರ ಹಾಕಿ ಸೈಕಲ್ ಹೊಡೆಯುವವರಿಗೆ ಇದರ ಬೆಲೆ ಗೊತ್ತು.

ಈಗ ಮೂರು ಸೈಕಲ್ಲಿನ ಮಾತಿಗೆ ಬರುತ್ತೇನೆ. ಡಾಂಬರಿಗೂ ಕೆಸರಿಗೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಟೈರಿನದು. ನನ್ನ ಹತ್ತಿರ ಎರಡು ಜೊತೆ ಇವೆ. ಮಳೆ ಹಿಡಿದ ಮೇಲೆ ಉದ್ದ ಹಲ್ಲಿನ 2.25 ಇಂಚಿನದು. ದೀಪಾವಳಿ ಕಳೆದ ಮೇಲೆ ಸಣ್ಣ ಹಲ್ಲಿನ, ಬೇಗ ಉರುಳುವ ಜೊತೆ. ಬದಲಾಯಿಸಲು ಒಂದು ಗಂಟೆ ಬೇಕು. ಗಾಳಿಯಲ್ಲೂ ಆಟ ಇದೆ. ಮಣ್ಣಿಗೆ 28 ಪಿಎಸ್‌ಐ, ಶಿವಮೊಗ್ಗಕ್ಕೆ ಹೊರಟರೆ 40. ಪಿಎಸ್‌ಐ ಅಂದರೆ ಪೊಲೀಸರಲ್ಲ, ಗಾಳಿಯ ಒತ್ತಡದ ಅಳತೆ. ಕಲ್ಲಿನ ದಾರಿಯಲ್ಲಿ 28ಕ್ಕಿಂತ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ಮಧ್ಯೆ ಟ್ಯೂಬು ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳಬಹುದು. ಹಾವಸೆ ಹಿಡಿದ ಜಂಬಿಟ್ಟಿಗೆ ಮೇಲೆ ಮಾತ್ರ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಇಳಿದು ನಡೆಯುತ್ತೇನೆ. ನಾಚಿಕೆ ಏನೂ ಇಲ್ಲ.

ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತು ಇದೆಯಾ ಅಂತಲೂ ನೋಡಿ. ಹೊಸ ಮೌಂಟನ್ ಬೈಕುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಹತ್ತು ಕೆಜಿ ಅಕ್ಕಿ ಬೆನ್ನ ಮೇಲೆ ಹೊತ್ತು ಬಂದ ದಿನ ನನಗೆ ಇದು ಗೊತ್ತಾಯಿತು.

ಒಂದೇ ಸೈಕಲ್ಲಿನಲ್ಲಿ ಎಲ್ಲವೂ ಆಗುತ್ತದೆ ಅಂತ ಸುಮ್ನೆ ಕೊಚ್ಚಿಕೊಳ್ಳುವುದಿಲ್ಲ. ಒಂದು ಸಲ ಶಿವಮೊಗ್ಗದಿಂದ ವಾಪಸ್ ಬರುವಾಗ ಸಪೂರ ಟೈರಿನ ರೋಡ್ ಬೈಕಿನ ಹುಡುಗರು ಗಾಜನೂರಿನಲ್ಲಿ ಜೊತೆಯಾದರು. ಸಕ್ರೆಬೈಲು ಬರುವ ಮೊದಲೇ ಅವರು ಕಣ್ಣಿಗೆ ಕಾಣಲಿಲ್ಲ. ಮಂಡಗದ್ದೆಯಲ್ಲಿ ನಾನು ಚಹಾ ಕುಡಿಯಲು ನಿಂತಾಗ ಅವರು ಕುಡಿದು ಹೋಗಿ ಅರ್ಧ ಗಂಟೆಯಾಗಿತ್ತಂತೆ. ಬೇಜಾರಾಯಿತು, ಸುಳ್ಳು ಹೇಳಲಾರೆ. ಆದರೆ ಅಂಥ ದಿನ ನನಗೆ ವರ್ಷಕ್ಕೆ ನಾಲ್ಕು. ಸಂಕ, ಚಡಾವು, ಕೆಸರು ಇನ್ನೂರಕ್ಕೂ ಜಾಸ್ತಿ ದಿನ. ನಾನು ಆ ಇನ್ನೂರು ದಿನ ನೋಡಿ ಸೈಕಲ್ ಆರಿಸಿದೆ.

ಇಷ್ಟು ಖರ್ಚು ಮಾಡಲಾಗದವರ ಮಾತೂ ಇದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹೆಣ್ಣುಮಕ್ಕಳು ಗುಂಪಾಗಿ ಬೆಲ್ ಹೊಡೆಯುತ್ತಾ ಬರುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಆದರೆ ಒಂದೇ ಗೇರಿನವು. ಚಡಾವಿನಲ್ಲಿ ಎಲ್ಲರೂ ನಮ್ಮ ಅಜ್ಜನ ಹಾಗೆ ತಳ್ಳುತ್ತಿದ್ದರು, ಎಲೆಅಡಿಕೆ ಒಂದಿಲ್ಲ. 'ಟೀಚರೇ, ನಿಮ್ಮಂಥ ಸೈಕಲ್ಲಿಗೆ ದುಡ್ಡೆಲ್ಲಿ?' ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಇರುವ ಸೈಕಲ್ಲಿನ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದು ಹಾಕಿಸಿ. ಚೈನು ಒಂದೆರಡು ಕೊಂಡಿ ಉದ್ದ ಮಾಡಬೇಕಾಗಬಹುದು, ಪಂಕ್ಚರ್ ಅಂಗಡಿಯವರೇ ಮಾಡುತ್ತಾರೆ. ನಮ್ಮ ಶಾಲೆಯ ಇಬ್ಬರು ಹುಡುಗಿಯರು ಹಾಗೆ ಮಾಡಿಸಿಕೊಂಡಿದ್ದಾರೆ. ಚಡಾವಿನ ಮುಕ್ಕಾಲು ಭಾಗದವರೆಗೆ ಈಗ ಇಳಿಯುವುದಿಲ್ಲ.

ಆ ಲೇಖಕರಿಗೆ ನನ್ನದೊಂದು ಕರೆ ತಲುಪಿಸಿ. ಮಳೆಗಾಲದಲ್ಲಿ ಒಮ್ಮೆ ನಮ್ಮ ಮನೆಗೆ ಬರಲಿ. ಮೂರು ಸೈಕಲ್ಲನ್ನೂ ತರಲಿ, ಜಗಲಿಯಲ್ಲಿ ಹೇಗೋ ಜಾಗ ಮಾಡುತ್ತೇನೆ. ಸಂಕದ ಮೇಲೆ ಮಾತ್ರ ಒಂದು ಸಲಕ್ಕೆ ಒಂದೇ ಹೊರಲು ಆಗುವುದು. ಕಾಲಿಗೆ ಹತ್ತುವ ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ ನಾನೇ ಕೊಡುತ್ತೇನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು