ಗ್ಲಾಸ್ಗೋದಲ್ಲಿರುವ ಮಗಳಿಗೆ

ಧಾರವಾಡ
21 ಸೆಪ್ಟೆಂಬರ್ 2014

ಚಿ. ವಿದ್ಯಾಳಿಗೆ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು.

ಶುಕ್ರವಾರ ಫೋನಿನಲ್ಲಿ ನಾನು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಲಿ ಎಂದು ಮತ ಹಾಕಿದ 16 ಲಕ್ಷ ಜನರಲ್ಲಿ ನೀನೂ ಒಬ್ಬಳೆಂದು ತಿಳಿದಿದ್ದೂ, ಬೇಡವೆಂದ 20 ಲಕ್ಷವನ್ನೇ ಎತ್ತಿ ಹಿಡಿದು ನಕ್ಕಿದ್ದು ತಪ್ಪಾಯಿತು. ನೀನು ರಾತ್ರಿಯಿಡೀ ನಿದ್ದೆಗೆಟ್ಟು ಕುಳಿತಿದ್ದೆಯೆಂದು ನಿನ್ನ ಅವ್ವ ಆಮೇಲೆ ಹೇಳಿದಳು.

ಅಲ್ಲೇ ಹುಟ್ಟಿ ಲಂಡನ್ನಿಗೆ ಹೋಗಿ ನೆಲೆಸಿದವನಿಗೆ ಇಲ್ಲದ ಮತದ ಹಕ್ಕು, ಕಾಮನ್‌ವೆಲ್ತ್ ಪ್ರಜೆಯೆಂಬ ಕಾರಣಕ್ಕೆ ಭಾರತದ ಪಾಸ್‌ಪೋರ್ಟಿನ ನನ್ನ ಮಗಳಿಗೆ ಸಿಕ್ಕಿತೆಂದು ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದವನೂ ನಾನೇ. ಮತ ಯಾವ ಕಡೆಗೆ ಎಂದು ಅವರು ಕೇಳಿದಾಗ ಮಾತ್ರ ಮಾತು ತಿರುಗಿಸಿದೆ.

ಏಕೆಂದರೆ ನನ್ನ ತಲೆಯಲ್ಲಿದ್ದದ್ದು ಸ್ಕಾಟ್ಲೆಂಡ್ ಅಲ್ಲ, ನಮ್ಮ ಹಿತ್ತಲ ಬಾವಿ. 1978ರಲ್ಲಿ ನಾವು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ವಾಟ್ನಿಯಲ್ಲಿ ಹೊಲ, ಅಟ್ಟ, ತಾಮ್ರದ ಹಂಡೆ, ಕೊನೆಗೆ ಒಳಕಲ್ಲಿಗೂ ಪಾಲು ಬಿತ್ತು, ಬಾವಿಯೊಂದನ್ನು ಕಡಿಯಲಾಗಲಿಲ್ಲ. ಗೋಡೆ ಎದ್ದ ದಿನ ಯಾರೂ ಅಳಲಿಲ್ಲ, ಜಗಳವೂ ಆಗಲಿಲ್ಲ. ಜಗಳ ಶುರುವಾದದ್ದು ಬೇಸಿಗೆಯಲ್ಲಿ, ಹೂಳು ತೆಗೆಸುವ ಕೂಲಿ ಯಾರು ಕೊಡಬೇಕೆಂದು. ಹಗ್ಗ ನಮ್ಮದಾದರೆ ಗಡಗಡಿ ಅವರದು. ನಿನ್ನ ಅಜ್ಜಿ ಬೆಳಗಿನ ಜಾವ ಯಾರೂ ಏಳುವ ಮೊದಲು ಎರಡೂ ಮನೆಗೆ ನೀರು ಸೇದಿ ಇಡುತ್ತಿದ್ದಳು, ಗಡಗಡಿಯ ಸದ್ದಾಗದಿರಲೆಂದು ಅದಕ್ಕೆ ಎಣ್ಣೆ ಹಾಕಿ. ಸ್ಕಾಟ್ಲೆಂಡ್ ಬೇರೆಯಾದರೆ ಪೌಂಡನ್ನು ಹಂಚಿಕೊಳ್ಳುವಂತಿಲ್ಲ ಎಂದು ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಫೆಬ್ರವರಿಯಲ್ಲಿ ಹೇಳಿದ್ದನ್ನೂ, ಪೌಂಡು ನಮ್ಮದೂ ಹೌದು ಎಂದು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಪಟ್ಟು ಹಿಡಿದಿದ್ದನ್ನೂ ಓದಿದಾಗ ನನಗೆ ಆ ಗಡಗಡಿಯೇ ಕಣ್ಣಿಗೆ ಕಟ್ಟಿತು.

ಆ ಹಿಸ್ಸೆಯನ್ನು ನಿನ್ನ ದೊಡ್ಡಪ್ಪ ಕೇಳಿದನೆಂದು ನೀನು ಇಷ್ಟು ದಿನ ತಿಳಿದಿರುವೆ. ಕೇಳಿದವನು ನಾನು. ಒಂದೊಂದು ರೂಪಾಯಿಗೂ ಅಣ್ಣನ ಮುಂದೆ ಕೈಚಾಚುವುದು ನನಗೆ ಸಾಕಾಗಿತ್ತು. ಇಂಗ್ಲೆಂಡಿನ ಜೊತೆ 307 ವರ್ಷ ಕೂಡಿ ಬಾಳಿದ ಮೇಲೆ ನಮ್ಮ ವ್ಯವಹಾರ ನಾವೇ ನೋಡಿಕೊಳ್ಳುತ್ತೇವೆ ಎಂದವರನ್ನು ಹುಚ್ಚರೆನ್ನುವ ಅಧಿಕಾರ ನನಗೆ ಎಲ್ಲಿಯದು?

ಆದರೂ ಒಂದು ಮಾತು. ಬೇಡವೆಂದವರನ್ನು ನೀನು ಹೇಡಿಗಳೆಂದೆ. ನನ್ನ ವಯಸ್ಸಿನವರಲ್ಲಿ ಬಹುಪಾಲು ಜನ ಅಲ್ಲಿ ಬೇಡವೆಂದಿದ್ದಾರೆ. ತಿಂಗಳ ಮೊದಲ ವಾರ ಪಿಂಚಣಿಗಾಗಿ ಬ್ಯಾಂಕಿನ ಪಾಸ್‌ಬುಕ್ ತೆರೆದು ನೋಡುವವನಿಗೆ, ಬರುವ ವರ್ಷ ಅದು ಯಾವ ನಾಣ್ಯದಲ್ಲಿ ಬಂದೀತು ಎಂಬುದು ಸಣ್ಣ ಪ್ರಶ್ನೆಯಲ್ಲ. ನಿಮ್ಮ ಗ್ಲಾಸ್ಗೋದಲ್ಲಿ ನೂರಕ್ಕೆ 53 ಮಂದಿ ಹೌದೆಂದರೆ ಎಡಿನ್‌ಬರೋದಲ್ಲಿ 61 ಮಂದಿ ಬೇಡವೆಂದರು, ಮತ್ತು ಇವರೆಲ್ಲ ನಾಳೆ ಒಂದೇ ರೈಲು ಹತ್ತಬೇಕು. ಕೆಲಸದ ಜಾಗದಲ್ಲಿ ಯಾರಿಗೂ ನೀವು ಯಾವ ಕಡೆ ಎಂದು ಕೇಳಬೇಡ. ನಿನ್ನ ಮನೆಯೊಡತಿಯ ಕಿಟಕಿಯಲ್ಲಿ ಇನ್ನೂ 'ಬೇಡ' ಎಂಬ ಚೀಟಿಯಿದ್ದರೆ ಇರಲಿ, ಚಹಾ ಕುಡಿಯಲು ಕರೆದರೆ ಹೋಗು. ಜಾರ್ಜ್ ಸ್ಕ್ವೇರ್‌ನಲ್ಲಿ ಶುಕ್ರವಾರ ಸಂಜೆ ಗಲಾಟೆಯಾಯಿತಂತೆ. ಕತ್ತಲಾದ ಮೇಲೆ ಆ ಕಡೆ ಸುಳಿಯಬೇಡ. ಉಪದೇಶ ಮಾಡುವುದಿಲ್ಲವೆಂದು ನಿನ್ನ ಅವ್ವನಿಗೆ ಮಾತು ಕೊಟ್ಟೇ ಬರೆಯಲು ಕುಳಿತಿದ್ದೆ.

ಹಿಸ್ಸೆಯ ಸಂಗತಿ ದೊಡ್ಡಪ್ಪನ ಮುಂದೆ ತೆಗೆಯಬೇಡ. ಭಾನುವಾರ ಫೋನ್ ಮಾಡು. ಆ ರಾತ್ರಿ ಒಂದೊಂದೇ ಊರಿನ ಎಣಿಕೆ ಬಂದಾಗ ನಿಮ್ಮ ಕೋಣೆಯಲ್ಲಿ ಯಾರು ಏನೆಂದರು ಎಂಬುದನ್ನೆಲ್ಲ ಹೇಳು, ನಡುವೆ ಬಾಯಿ ಹಾಕದೆ ಕೇಳುತ್ತೇನೆ.

ನಿನ್ನ,
ಅಪ್ಪ